ಬ್ಯಾಕ್‌ಪ್ಯಾಕಿನ ರೈಫಲ್, ಅಟ್ಟದ ಕೋವಿ

ಕೊಳ್ಳೇಗಾಲದ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿರೋರೆಲ್ಲ ನಮ್ಮೂರನ್ನು ನೋಡಿದ್ದೀರಿ. ಹೆಸರು ನೆನಪಿರಲ್ಲ, ಅಷ್ಟೇ. ಕೊಳ್ಳೇಗಾಲ ಪೇಟೆ ಮುಗಿದು, ಬಸ್ಸು ಹನೂರು ರಸ್ತೆ ಹಿಡಿದು, ಇನ್ನೇನು ಸರಿಯಾಗಿ ಓಡೋಕೆ ಶುರು ಮಾಡಿತು ಅನ್ನೋ ಹೊತ್ತಿಗೆ ಮಧುವನಹಳ್ಳಿ ಬಂದು ಹೋಗಿರುತ್ತೆ. ನೀವು ಆಗ ಫೋನ್ ನೋಡ್ತಾ ಇರ್ತೀರಿ.

ಬೆಂಗಳೂರಿಂದ ಹೊರಟರೆ ಕನಕಪುರ, ಮಳವಳ್ಳಿ, ಸತ್ತೇಗಾಲದ ಹತ್ತಿರ ಕಾವೇರಿ, ಆಮೇಲೆ ಕೊಳ್ಳೇಗಾಲ. ಟ್ರಾಫಿಕ್ ಕರುಣೆ ತೋರಿಸಿದರೆ ಮೂರೂವರೆ ಗಂಟೆ. 1956ರವರೆಗೆ ಈ ಕಡೆಯೆಲ್ಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆ. ನಮ್ಮ ತಾತನ ಕಾಲದ ಜಮೀನು ಪತ್ರದ ಮೇಲೆ ಇವತ್ತಿಗೂ ಆ ಹೆಸರೇ ಇದೆ. ಆಮೇಲೆ ಮೈಸೂರು ಜಿಲ್ಲೆ ಆಯ್ತು, 1997ರಲ್ಲಿ ಚಾಮರಾಜನಗರ ಆಯ್ತು. ಊರು ಮಾತ್ರ ಇದ್ದಲ್ಲೇ ಇದೆ.

ನೋಡೋಕೆ ಏನಿದೆ ಅಂತ ಕೇಳಿದರೆ, ಇನ್‌ಸ್ಟಾಗ್ರಾಮಿಗೆ ಹಾಕೋವಂಥದ್ದು ಏನೂ ಇಲ್ಲ. ಹಿಪ್ಪುನೇರಳೆ ತೋಟ, ಕಬ್ಬು, ಮುಸುಕಿನ ಜೋಳ, ಅರಿಶಿನ. ರೇಷ್ಮೆ ಹುಳದ ಮನೆಗಳು. ಹುಳ ನಾಲ್ಕನೇ ಜ್ವರ ಎದ್ದು ಸೊಪ್ಪು ತಿನ್ನೋಕೆ ಕೂತಾಗ ರಾತ್ರಿ ಅದರ ಬಾಗಿಲಲ್ಲಿ ನಿಂತು ಕೇಳಿ, ಹೊರಗೆ ಮಳೆ ಹನಿತಾ ಇದೆ ಅನ್ನಿಸುತ್ತೆ. ಶಿವರಾತ್ರಿ, ದೀಪಾವಳಿ ಸಮಯದಲ್ಲಿ ಬೆಟ್ಟಕ್ಕೆ ನಡೆದು ಹೋಗೋರ ಸಾಲು. ಬೆಳಗಿನ ಜಾವ ನಾಲ್ಕಕ್ಕೆ 'ಉಘೇ ಮಾದಪ್ಪ' ಅಂತ ಕೇಳಿಸಿದರೆ ಅವ್ವ ಎದ್ದು ನೀರಿನ ಬಿಂದಿಗೆ ತಗೊಂಡು ರಸ್ತೆಗೆ ಹೋಗ್ತಾಳೆ. ಆ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಸಲ ಆಯುಧಪೂಜೆಗೆ ಹೋಗಿದ್ದೆ. ನಮ್ಮ ಮನೇಲಿ ಅವತ್ತು ಕುಡುಗೋಲು, ಗುದ್ದಲಿ, ಸೊಪ್ಪು ಕತ್ತರಿಸೋ ಕತ್ತಿ, ಅಪ್ಪನ ಟಿವಿಎಸ್, ತಂಗಿಯ ಸ್ಕೂಟಿ, ನನ್ನ ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ ಬೀಳುತ್ತೆ. ಎಲ್ಲದಕ್ಕಿಂತ ಮೇಲೆ, ಮಣೆ ಮೇಲೆ ಒರಗಿಸಿ ಇಡೋದು ಕೋವಿ. ಒಂಟಿ ನಳಿಗೆಯ 12 ಬೋರ್. ಲೈಸೆನ್ಸಿನಲ್ಲಿ 'ಎಸ್‌ಬಿಬಿಎಲ್' ಅಂತ ಬರೆದಿರುತ್ತಾರೆ, ಉದ್ದೇಶದ ಜಾಗದಲ್ಲಿ 'ಬೆಳೆ ರಕ್ಷಣೆ' ಅಂತ. ಅಪ್ಪನ ಹೆಸರಿಗೆ ಬಂದು 30 ವರ್ಷ ಆಯ್ತು. ಅದಕ್ಕೂ ಮುಂಚೆ ತಾತನದು.

ಪೂಜೆ ಮುಗಿದು ಒಬ್ಬಟ್ಟು ತಿಂದು ಕೂತಿದ್ದಾಗ ಅಪ್ಪ ನೇರವಾಗಿ ವಿಷಯಕ್ಕೆ ಬಂದರು.

"ಕೂಸು, ಇನ್ನು ಇದ ನಿನ್ ಹೆಸರ್ಗ ಮಾಡ್ಬುಡವು. ನಂಗ ಕಣ್ಣು ವಸಿ ಮಂಜು ಆಯ್ತದ."

ಅಡುಗೆ ಮನೆಯಿಂದ ಅವ್ವ, "ಸ್ಟೇಷನ್ಗ ಕೊಟ್ಬುಡಿ ಅಂತ ಎಷ್ಟ್ ವರ್ಷದಿಂದ ಬಡ್ಕತಾ ಇವ್ನಿ" ಅಂದಳು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಕೊಡೋ ಬದಲು ಫೋನ್ ತೆಗೆದು ಅಪ್ಪನಿಗೆ ಒಂದು ವಿಡಿಯೋ ತೋರಿಸಿದೆ. ಅದೇನು ಅಂತ ಹೇಳಬೇಕಾದ್ರೆ ಮಧುವನಹಳ್ಳಿಯಿಂದ ಅಮೆರಿಕದ ಅರಿಜೋನಾಕ್ಕೆ ಹೋಗಬೇಕು.

ಎರಡು ವರ್ಷದ ಹಿಂದೆ ಆನ್‌ಸೈಟ್ ಅಂತ ಕಂಪನಿ ನನ್ನನ್ನು ಫೀನಿಕ್ಸಿಗೆ ಕಳಿಸಿತ್ತು. ಅಲ್ಲಿ ನನ್ನ ಟೀಮಿನಲ್ಲಿ ಹಾಸನದ ಕಡೆಯವರೊಬ್ಬರಿದ್ದರು. ಅಲ್ಲಿಗೆ ಹೋಗಿ ಹದಿನೈದು ವರ್ಷ ದಾಟಿದೆ, ಸಿಟಿಜನ್ ಆಗಿದ್ದಾರೆ. ಜನವರಿಯ ಒಂದು ಶನಿವಾರ, "ಬಾರಪ್ಪ, ಹೊಸ ಆಟಿಕೆ ತಂದಿದ್ದೀನಿ, ತೋರಿಸ್ತೀನಿ" ಅಂದರು. ನಾನು ಡ್ರೋನ್ ಇರಬೇಕು ಅಂದುಕೊಂಡೆ. ರೂಗರ್ ಕಂಪನಿಯ 10/22 ಟೇಕ್‌ಡೌನ್ ರೈಫಲ್ ಅದು.

ಹೋಗೋದಕ್ಕೂ ಮುಂಚೆ ಒಂದು ವಿಚಿತ್ರ ಶಾಸ್ತ್ರ ಮುಗಿಸಬೇಕಾಯ್ತು. ನಮ್ಮಂಥ ತಾತ್ಕಾಲಿಕ ವೀಸಾದವರು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಹಾಗಾಗಿ ಹುಟ್ಟಿದಾಗಿನಿಂದ ಮೊಲಕ್ಕೆ ಕಲ್ಲು ಕೂಡ ಎಸೆಯದ ನಾನು, ಕಾರ್ಡ್ ಉಜ್ಜಿ, ಆನ್‌ಲೈನಲ್ಲಿ ಅರಿಜೋನಾದ ಬೇಟೆಗಾರನಾದೆ. ಓಟಿಪಿ ಬರೋದಕ್ಕೆ ಹಿಡಿದಷ್ಟು ಹೊತ್ತು, ಅಷ್ಟೇ.

ಫೀನಿಕ್ಸಿನ ಉತ್ತರಕ್ಕೆ ಬೆನ್ ಏವರಿ ಅಂತ ದೊಡ್ಡ ಶೂಟಿಂಗ್ ರೇಂಜ್ ಇದೆ. ಆ ರಾಜ್ಯದ ವನ್ಯಜೀವಿ ಇಲಾಖೆಯೇ ನಡೆಸೋದು. ಸುತ್ತ ಮರಳುಗಾಡಿನ ಗುಡ್ಡ, ಕೈ ಎತ್ತಿ ನಿಂತ ಮನುಷ್ಯರ ಹಾಗೆ ಕಾಣೋ ಕಳ್ಳಿ. ಪಾರ್ಕಿಂಗಿನಲ್ಲಿ ಮಕ್ಕಳು, ಮೊಮ್ಮಕ್ಕಳು, ಥರ್ಮಾಸು. ನಮ್ಮಲ್ಲಿ ಭಾನುವಾರ ಕ್ರಿಕೆಟ್ ಕೋಚಿಂಗಿಗೆ ಬರ್ತಾರಲ್ಲ, ಹಾಗೆ.

ಅವರು ಕಾರಿನಿಂದ ಇಳಿಸಿದ್ದು ಒಂದು ಕಪ್ಪು ಬ್ಯಾಕ್‌ಪ್ಯಾಕ್. ಆಫೀಸಿಗೆ ನಾನು ಲ್ಯಾಪ್‌ಟಾಪ್ ಹೊರೋ ಬ್ಯಾಗಿಗಿಂತ ಸ್ವಲ್ಪ ಉದ್ದ. ಜಿಪ್ ಎಳೆದರೆ ಒಳಗೆ ಎರಡು ತುಂಡು. ಒಂದು ನಳಿಗೆ ಮತ್ತು ಅದರ ಕೆಳಗಿನ ಹಿಡಿ; ಇನ್ನೊಂದು ಕುದುರೆ, ಯಂತ್ರ, ಹೆಗಲಿಗೆ ಒರಗಿಸೋ ಹಿಂಭಾಗ. ನಳಿಗೆಯ ಬುಡವನ್ನು ಓರೆಯಾಗಿ ತೂರಿಸಿ ತಿರುವಿದರೆ 'ಟಕ್'. ಆಯ್ತು, ರೈಫಲ್ ರೆಡಿ. ಬಿಚ್ಚೋಕೆ ಬೋಲ್ಟನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಗುಂಡು ಒಳಗಿಲ್ಲ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಕೆಳಗಿನ ಸಣ್ಣ ಲಿವರ್ ಒತ್ತಿ ಉಲ್ಟಾ ತಿರುವಬೇಕು. ಸ್ಕ್ರೂಡ್ರೈವರ್ ಬೇಡ, ಏನೂ ಬೇಡ. ಒಟ್ಟು ತೂಕ ಎರಡು ಕೆಜಿ ಚಿಲ್ಲರೆ.

10/22 ಅನ್ನೋ ರೈಫಲ್ 1964ರಿಂದ ಇದೆ, ಹೀಗೆ ಎರಡು ತುಂಡಾಗೋ ಮಾದರಿ ಬಂದದ್ದು 2012ರಲ್ಲಿ. ಬಿಚ್ಚೋ ರೈಫಲ್ ಅನ್ನೋ ಯೋಚನೆ ಅದಕ್ಕಿಂತ ಬಹಳ ಹಳೇದು. ಜಾನ್ ಬ್ರೌನಿಂಗ್ ಮೊದಲನೇ ಮಹಾಯುದ್ಧದ ಹೊತ್ತಿಗೇ ಎರಡು ತುಂಡಾಗೋ ಪಾಯಿಂಟ್ 22 ರೈಫಲ್ ಮಾಡಿದ್ದ. 1950ರ ದಶಕದಲ್ಲಿ ಆರ್ಮಲೈಟ್ ಕಂಪನಿ ಅಮೆರಿಕದ ವಾಯುಪಡೆಯ ಪೈಲಟ್‌ಗಳಿಗಾಗಿ ಬಿಚ್ಚಿ ಇಡೋ ಪುಟ್ಟ ರೈಫಲ್ ಮಾಡಿತು. ವಿಮಾನ ಕಾಡಲ್ಲಿ ಬಿದ್ದರೆ ಪೈಲಟ್ ಮೊಲವೋ ಅಳಿಲೋ ಹೊಡೆದು ತಿಂದು ಬದುಕಿರಲಿ ಅಂತ. ಅದರಿಂದ ಜನಸಾಮಾನ್ಯರಿಗೆ ಅಂತ ಬಂದ ಎಆರ್-7 ತನ್ನದೇ ಹಿಂಭಾಗದ ಟೊಳ್ಳಿನೊಳಗೆ ಪೂರ್ತಿ ಸೇರಿಕೊಳ್ಳುತ್ತೆ. ಜೇಮ್ಸ್ ಬಾಂಡನ 'ಫ್ರಮ್ ರಷ್ಯಾ ವಿತ್ ಲವ್' ನೋಡಿದವರಿಗೆ ಅದು ಗೊತ್ತಿರುತ್ತೆ.

ಗುಂಡಿನ ವಿಷಯ. ಅಪ್ಪನ ಕೋವಿಯ ತೋಟೆಗೆ ಬುಡದ ಮಧ್ಯದಲ್ಲಿ ಕೇಪು ಇರುತ್ತೆ, ಕುದುರೆ ಎಳೆದಾಗ ಸೂಜಿ ಅಲ್ಲಿಗೇ ಬಡಿಯುತ್ತೆ. ಪಾಯಿಂಟ್ 22ರಲ್ಲಿ ಮಧ್ಯ ಖಾಲಿ. ಸಿಡಿಮದ್ದು ಇರೋದು ಹಿತ್ತಾಳೆ ಕೊಳವೆಯ ಬುಡದ ಅಂಚಿನ ಮಡಿಕೆಯೊಳಗೆ. ಸೂಜಿ ಆ ಅಂಚನ್ನು ಜಜ್ಜುತ್ತೆ. ಅದಕ್ಕೇ 'ರಿಮ್‌ಫೈರ್'. ಮಾಡೋಕೆ ಸುಲಭ, ಬೆಲೆ ಕಮ್ಮಿ, ಆದ್ರೆ ಒಮ್ಮೆ ಸುಟ್ಟ ಕೊಳವೆಯನ್ನು ಮತ್ತೆ ತುಂಬೋಕಾಗಲ್ಲ. ಆ ಅಂಚಿನಲ್ಲಿ ಮದ್ದು ಎಲ್ಲ ಕಡೆ ಸಮನಾಗಿ ಹರಡದೆ ಹೋದರೆ ಆಗಾಗ ಠುಸ್ ಆಗುತ್ತೆ. ನನಗೂ ಒಂದು ಆಯ್ತು. ರೇಂಜಿನ ಅಧಿಕಾರಿ ಹೇಳಿಕೊಟ್ಟ ಹಾಗೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು, ಆಮೇಲೆ ಹೊರಗೆ ತೆಗೆದೆ. ತಡವಾಗಿ ಸಿಡಿಯೋ ಸಾಧ್ಯತೆ ಇರುತ್ತಂತೆ. ಆ ಅರ್ಧ ನಿಮಿಷ ಬಹಳ ಉದ್ದ ಇತ್ತು.

ಪಾಯಿಂಟ್ 22 ನನಗೆ ಪೂರ್ತಿ ಹೊಸದೇನಲ್ಲ. ಎನ್‌ಸಿಸಿ ಮಾಡಿದ ಯಾರಿಗಾದರೂ ಕೇಳಿ: ಗೋಣಿಚೀಲದ ಮೇಲೆ ಬೋರಲು ಮಲಗಿ, 25 ಗಜ ದೂರದ ಹಾಳೆಗೆ ಐದು ಗುಂಡು. ನಮ್ಮ ಕಾಲೇಜಿನಲ್ಲಿ ಅದಕ್ಕೆ ಇಡೀ ದಿನ ಕ್ಯೂ. ಇಲ್ಲಿ ಒಂದೇ ಬೆಳಿಗ್ಗೆ 50 ಗುಂಡಿನ ಡಬ್ಬಿ ನನ್ನೊಬ್ಬನಿಗೇ. ಒದೆತ ಇಲ್ಲವೇ ಇಲ್ಲ ಅನ್ನಬಹುದು, ಭುಜಕ್ಕೆ ಯಾರೋ ಬೆರಳಲ್ಲಿ ತಟ್ಟಿದ ಹಾಗೆ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಕಡ್ಡಾಯ. 'ಸೀಸ್ ಫೈರ್' ಅಂತ ಕೂಗಿದರೆ ಎಲ್ಲರೂ ಬೋಲ್ಟ್ ತೆರೆದಿಟ್ಟು, ಮೇಜಿನಿಂದ ಹಿಂದೆ ಸರಿದು ನಿಲ್ಲಬೇಕು; ಹಾಳೆ ಬದಲಾಯಿಸಲು ಜನ ಮುಂದೆ ಹೋಗಿರುವಾಗ ಬಂದೂಕನ್ನು ಮುಟ್ಟುವ ಹಾಗೂ ಇಲ್ಲ. ಆ ಶಿಸ್ತು ನನಗೆ ಬಹಳ ಇಷ್ಟವಾಯ್ತು.

ನನಗಿದ್ದ ಕುತೂಹಲ ಬೇರೆ. ಪ್ರತಿ ಸಲ ಬಿಚ್ಚಿ ಜೋಡಿಸಿದರೆ ಗುರಿ ತಪ್ಪಲ್ವಾ? ಸಾಫ್ಟ್‌ವೇರಿನವನ ಬುದ್ಧಿ, ರಿಗ್ರೆಷನ್ ಟೆಸ್ಟ್ ಮಾಡದೆ ಬಿಡುತ್ತಾ? ಐದು ಗುಂಡು ಹೊಡೆದೆ. ಬಿಚ್ಚಿದೆ, ಜೋಡಿಸಿದೆ, ಹೊಸ ಹಾಳೆಗೆ ಮತ್ತೆ ಐದು. ಹೀಗೆ ನಾಲ್ಕು ಸುತ್ತು. ನಾಲ್ಕೂ ಹಾಳೆಯನ್ನು ಒಂದರ ಮೇಲೊಂದು ಇಟ್ಟು ಬಿಸಿಲಿಗೆ ಹಿಡಿದರೆ ತೂತುಗಳ ಗುಂಪು ಹೆಚ್ಚೂಕಮ್ಮಿ ಒಂದೇ ಕಡೆ, ನನ್ನ ಅಂಗೈ ಅಗಲದಲ್ಲಿ. ಕಾರಣ ಸರಳ: ಈ ರೈಫಲಿನಲ್ಲಿ ಗುರಿ ನೋಡೋ ಹಿಂದಿನ ಸೀಳು, ಮುಂದಿನ ಮೊನೆ ಎರಡೂ ನಳಿಗೆಯ ಮೇಲೇ ಇವೆ. ನಳಿಗೆ ಹೋದರೆ ಅವೂ ಜೊತೆಗೇ ಹೋಗ್ತವೆ, ಬಂದರೆ ಜೊತೆಗೇ ಬರ್ತವೆ. ದುರ್ಬೀನು ಹಾಕೋದು ಹಿಂದಿನ ತುಂಡಿನ ಮೇಲೆ. ಹಾಗಾಗಿ ಅದನ್ನು ಹಾಕಿದರೆ ಜೋಡಣೆಯ ಸಣ್ಣ ವ್ಯತ್ಯಾಸವೂ ಗುರಿಯಲ್ಲಿ ಕಾಣಬಹುದು. ವಿನ್ಯಾಸ ಮಾಡಿದವರ ತಲೆಗೆ ಒಂದು ನಮಸ್ಕಾರ.

ಇಷ್ಟವಾಗದ್ದೂ ಇದೆ. ಮುಗಿಸಿ ಬ್ಯಾಗ್ ಡಿಕ್ಕಿಗೆ ಹಾಕಿ ವಾಪಸ್ ಬರ್ತಾ, ಅವರು ಇಂಡಿಯನ್ ಸ್ಟೋರಿನ ಮುಂದೆ ಕಾರು ನಿಲ್ಲಿಸಿ ಕರಿಬೇವು, ತೊಂಡೆಕಾಯಿ ತಗೊಂಡರು. ಆ ಚೀಲವನ್ನೂ ಅದೇ ಡಿಕ್ಕಿಗೆ, ಅದೇ ಬ್ಯಾಗಿನ ಪಕ್ಕಕ್ಕೆ. ಯಾರಿಗೂ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ ಕುತ್ತಿಗೆ ಹಿಂದೆ ಏನೋ ಹರಿದಾಡಿದ ಹಾಗೆ. ಯಾಕೆ ಅಂತ ಅವತ್ತು ಸರಿಯಾಗಿ ಗೊತ್ತಾಗಲಿಲ್ಲ. ನಾನು ಬೆಳೆದದ್ದು ಯಾವ ರಸ್ತೆಯ ಪಕ್ಕ ಅನ್ನೋದು ಅದಕ್ಕೆ ಉತ್ತರ ಇರಬೇಕು.

ಹನೂರಿನ ದಾರಿಯಲ್ಲಿ ಮುಂದೆ ಕಾಮಗೆರೆ ಸಿಗುತ್ತೆ. 2002ರ ಆಗಸ್ಟ್ 25ರ ರಾತ್ರಿ ಮಾಜಿ ಸಚಿವ ಎಚ್. ನಾಗಪ್ಪನವರನ್ನು ವೀರಪ್ಪನ್ ಎತ್ತಿಕೊಂಡು ಹೋದದ್ದು ಅಲ್ಲಿಂದಲೇ. ಡಿಸೆಂಬರಿನಲ್ಲಿ ಅವರ ಶವ ಸಿಕ್ಕಿತು. ನನಗಾಗ ಏಳು ವರ್ಷ. ನೆನಪಿರೋದು ಜೀಪುಗಳು, ರಾತ್ರಿ ಬೇಗ ಬಾಗಿಲು ಹಾಕ್ತಿದ್ದದ್ದು, ದೊಡ್ಡವರು ದನಿ ತಗ್ಗಿಸಿ ಮಾತಾಡ್ತಿದ್ದದ್ದು. ಅದಕ್ಕೂ ಹತ್ತು ವರ್ಷ ಮೊದಲು, 1992ರ ಆಗಸ್ಟಿನಲ್ಲಿ, ಮೀಣ್ಯದ ಹತ್ತಿರ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹ್ಮದ್ ಅವರನ್ನು ಕೊಂದದ್ದನ್ನು ನಮ್ಮ ಕಡೆ ಇವತ್ತಿಗೂ ನಿನ್ನೆ ನಡೆದ ಹಾಗೆ ಹೇಳ್ತಾರೆ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸಾಯೋವರೆಗೂ ಮನೇಲಿ ಕೋವಿ ಇರೋದು ಅಂದ್ರೆ ಎರಡು ಕಡೆಯಿಂದಲೂ ಭಯ. ಕಾಡಿನೋರು ಬಂದು ಕಿತ್ಕೊಂಡು ಹೋದರೆ? ಹೋದಮೇಲೆ ನೀನೇ ಕೊಟ್ಟಿದ್ದು ಅಂತ ಪೊಲೀಸರು ಕೇಳಿದರೆ?

ಆ ವರ್ಷಗಳಲ್ಲಿ ಅಪ್ಪ ಕೋವಿಯನ್ನು ಮೂರು ತುಂಡು ಮಾಡಿ ಇಡ್ತಿದ್ದರು. ಇಂಥ ಕೋವಿ ಬಿಚ್ಚೋದು ಸುಲಭ. ಮುಂದಿನ ಮರದ ಹಿಡಿ ಕಳಚಿ, ನಡು ಮುರಿದರೆ ನಳಿಗೆ ಕೈಗೆ ಬರುತ್ತೆ. ನಳಿಗೆ ಅಟ್ಟದ ಮೇಲೆ ಬಿದಿರ ಗಳಗಳ ನಡುವೆ. ಹಿಂಭಾಗ ರಾಗಿಯ ಕಣಜದಲ್ಲಿ. ಮರದ ಹಿಡಿ ದೇವರ ಮನೆಯಲ್ಲಿ, ಮಾದಪ್ಪನ ಫೋಟೋದ ಹಿಂದೆ. ಯಾರಾದರೂ ಬಂದರೂ ಒಂದೇ ತುಂಡು ಸಿಗಬೇಕು, ಕೋವಿ ಸಿಗಬಾರದು. ಬ್ರೌನಿಂಗ್ ಹೆಸರು ಕೇಳದ ನಮ್ಮಪ್ಪನಿಗೂ ಟೇಕ್‌ಡೌನ್ ಗೊತ್ತಿತ್ತು. ಅಲ್ಲಿ ಬಿಚ್ಚೋದು ಜೊತೇಲಿ ಒಯ್ಯೋಕೆ, ಇಲ್ಲಿ ಬಿಚ್ಚಿದ್ದು ಯಾರೂ ಒಯ್ಯಬಾರದು ಅಂತ.

ಹಾಗಾಗಿ ವಿಡಿಯೋ ನೋಡಿ ಅಪ್ಪ ಬೆರಗಾಗಲಿಲ್ಲ. ಕನ್ನಡಕ ಮೇಲೆ ಮಾಡಿ, ಫೋನನ್ನು ದೂರ ಹಿಡಿದು, ಎರಡು ಸಲ ನೋಡಿದರು.

"ಚಂದಾಗದ. ಇದ್ರಲ್ಲಿ ಚರೆ ಎಷ್ಟು?"

"ಚರೆ ಇಲ್ಲ ಅಪ್ಪ. ಒಂದೇ ಗುಂಡು, ಕಡಲೆಕಾಳಿನಷ್ಟು. ಎರಡೂವರೆ ಗ್ರಾಂ."

"ಎಷ್ಟ್ ದೂರ ಹೋಯ್ತದ?"

ಗುಂಡಿನ ಡಬ್ಬಿಗಳ ಮೇಲೆ ಎಚ್ಚರಿಕೆ ಅಂತಲೇ ಬರೆದಿರುತ್ತಾರೆ: ಒಂದೂವರೆ ಮೈಲಿ, ಅಂದರೆ ಎರಡು ಕಿಲೋಮೀಟರ್ ಮೇಲೆ. ಗುರಿ ಮುಟ್ಟೋದು ನೂರು ಮೀಟರಿನೊಳಗೆ, ಆದರೆ ಗುರಿ ತಪ್ಪಿದ ಗುಂಡು ಹಾರ್ತಾ ಹೋಗೋದು ಅಷ್ಟು ದೂರ. ಅದನ್ನು ಹೇಳಿದೆ.

ಅಪ್ಪ ಫೋನ್ ವಾಪಸ್ ಕೊಟ್ಟರು. ಜಗುಲಿಯಿಂದಲೇ ಕೈ ತೋರಿಸಿದರು. ಆ ಕಡೆ ಹೊಲ. ಹೊಲದಿಂದ ಎರಡು ಕಿಲೋಮೀಟರ್ ಒಳಗೆ ಶಾಲೆ, ದೇವಸ್ಥಾನ, ಪಕ್ಕದವರ ಹುಳದ ಮನೆ, ಬೆಟ್ಟದ ರಸ್ತೆ. "ಮಾದಪ್ಪನ್ ಪರಸೆ ಬತ್ತಿರ್ತಾರ. ಕತ್ತಲಲ್ಲಿ ಯಾರ್ ಎಲ್ಲವ್ರ ಅಂತ ಯಾರ್ಗ ಗೊತ್ತು? ನಮ್ದಾದ್ರ ಇನ್ನೂರ್ ಮೀಟ್ರಲ್ಲಿ ಉದುರೋಯ್ತದ."

ಅದು ಸರಿ. ಸಣ್ಣ ಚರೆಯ ತೋಟೆ ಸದ್ದು ಮಾಡುತ್ತೆ ಜೋರಾಗಿ, ಆದರೆ ಚರೆ ಬೇಗ ಸುಸ್ತಾಗಿ ಬೀಳುತ್ತೆ. ಮರಳುಗಾಡಿನ ಗುಡ್ಡವನ್ನು ಬೆನ್ನಿಗಿಟ್ಟುಕೊಂಡು ಹೊಡೆಯೋ ಜಾಗಕ್ಕೆ ಆ ಪುಟ್ಟ ರೈಫಲ್ ಬಹಳ ಒಳ್ಳೇದು, ಅದರಲ್ಲಿ ನನಗೆ ಸಂಶಯವಿಲ್ಲ. ಹೊಲಕ್ಕೆ ಹೊಲ ತಾಗಿ, ಬದುವಿಗೊಬ್ಬರು ನೀರು ಕಟ್ಟೋ ನಮ್ಮ ಕಡೆಗೆ ಅದು ತಪ್ಪು ವಸ್ತು. ಇನ್ನು ಅಂಥದ್ದನ್ನು ಸಾಮಾನ್ಯ ಲೈಸೆನ್ಸಿನವರು ಹೊರದೇಶದಿಂದ ತರಿಸೋಕೂ ಆಗಲ್ಲ, ಆ ಅವಕಾಶ ಇರೋದು ಹೆಸರಾಂತ ಶೂಟರ್‌ಗಳಿಗೆ ಮಾತ್ರ.

ಅವತ್ತು ರಾತ್ರಿ ಅಪ್ಪನ ಜೊತೆ ಹೊಲಕ್ಕೆ ಹೋದೆ. ಮುಸುಕಿನ ಜೋಳ ಹಾಲುಗಾಳು ಕಟ್ಟಿತ್ತು, ಹಂದಿಗೆ ಅದೇ ಹಬ್ಬ. ಕಾಡಂಚಿನ ಊರುಗಳ ಹಾಗೆ ನಮಗೆ ಆನೆಯ ಕಾಟ ಇಲ್ಲ, ಹಂದಿಯದು ಮಾತ್ರ ತಪ್ಪಲ್ಲ. ಒಂದು ಹಿಂಡು ಒಂದು ರಾತ್ರಿ ನುಗ್ಗಿದರೆ ತಿನ್ನೋದಕ್ಕಿಂತ ಮುರಿದು ಮಲಗಿಸೋದೇ ಜಾಸ್ತಿ. ಅವನ್ನು ಕೊಲ್ಲೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಂದಿ ಹೊಡೆದರೆ ಜೈಲು. ಕೆಲವರು ಬೇಲಿಗೆ ಕದ್ದು ಕರೆಂಟ್ ಕೊಡ್ತಾರೆ. ಅದರಲ್ಲಿ ಹಂದಿಯ ಜೊತೆ ಮನುಷ್ಯರೂ ಸತ್ತ ಸುದ್ದಿ ರಾಜ್ಯದ ಯಾವುದಾದರೂ ಮೂಲೆಯಿಂದ ಬರ್ತಾನೇ ಇರುತ್ತೆ. ಅಪ್ಪನಿಗೆ ಆ ಬೇಲಿ ಕಂಡರೆ ಕೋವಿಗಿಂತ ಹೆಚ್ಚು ಭಯ.

ಅಟ್ಟಣೆ ಅಂದ್ರೆ ನಾಲ್ಕು ಗಳ, ಮೇಲೆ ತೆಂಗಿನ ಗರಿ, ಒಂದು ಹಳೇ ರಗ್ಗು. ಅಪ್ಪ ಕೋವಿಯ ನಡು ಮುರಿದು, ತೋಟೆ ಹಾಕದೆ, ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು. ತೋಟೆ ಎರಡು, ಅಂಗಿ ಜೇಬಿನಲ್ಲಿ. ವರ್ಷಕ್ಕೆ ಇಷ್ಟೇ ತೋಟೆ ಅಂತ ಲೈಸೆನ್ಸಿನಲ್ಲಿ ಇರುತ್ತೆ, ಅಂಗಡಿಯವರು ಕೊಟ್ಟಷ್ಟನ್ನು ಅದರಲ್ಲೇ ಬರೀತಾರೆ. ಅರಿಜೋನಾದಲ್ಲಿ ನಾನು ಒಂದು ಬೆಳಿಗ್ಗೆ ಸುಟ್ಟಷ್ಟನ್ನು ಅಪ್ಪ ಹತ್ತು ವರ್ಷದಲ್ಲೂ ಸುಟ್ಟಿಲ್ಲ.

ಒಂದೂವರೆ ಗಂಟೆ ರಾತ್ರಿಗೆ ಜೋಳದೊಳಗೆ 'ಪಟ್ ಪಟ್' ಅಂತ ದಂಟು ಮುರಿಯೋ ಸದ್ದು. ಅಪ್ಪ ಟಾರ್ಚ್ ಬಿಟ್ಟು, ಗಂಟಲು ಹರಿಯೋ ಹಾಗೆ ಕೂಗಿ, ಎಣ್ಣೆ ಡಬ್ಬ ಬಡಿದರು. ಅಕ್ಕಪಕ್ಕದ ಹೊಲದವರೂ ಕೂಗು ಸೇರಿಸಿದರು. ಹಂದಿಗಳು ಗುಟುರು ಹಾಕಿ ಹಳ್ಳದ ಕಡೆ ಇಳಿದವು. ಕೋವಿಗೆ ತೋಟೆ ಏರಲೇ ಇಲ್ಲ.

"ಯಾಕಪ್ಪ ಹಾರಿಸಲಿಲ್ಲ?" ಅಂದೆ.

"ಹೋದ್ವಲ್ಲ" ಅಂದರು.

2024ರಲ್ಲಿ ಲೋಕಸಭೆ ಚುನಾವಣೆ ಅಂತ ಮಾರ್ಚಿನಲ್ಲೇ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿದ್ದರು. ನಮ್ಮ ಕಡೆ ಏಪ್ರಿಲ್ 26ಕ್ಕೇ ಮತದಾನ ಮುಗಿದರೂ ಅದು ವಾಪಸ್ ಬಂದದ್ದು ಜೂನಿನಲ್ಲಿ ಫಲಿತಾಂಶ ಬಂದಮೇಲೆ. ಆ ಮೂರು ತಿಂಗಳು ಹೇಗೆ ಕಾದಿರಿ ಅಂತ ಕೇಳಿದೆ. "ದೀಪಾವಳಿ ಪಟಾಕಿ ಉಳಿದಿದ್ವು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಕಾಯೋಕ ಆಳ್ ಬೇಕು ಕನ. ಕೋವಿ ಇದ್ರೂ ಆಳಿಲ್ದೆ ಹೊಲ ಕಾಯಕ್ಕಾಯ್ತದ?" ಅಂದರು.

ಅಲ್ಲಿಗೆ ನನ್ನ ಉತ್ತರ ನನಗೆ ಸಿಕ್ಕಿತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಲೈಸೆನ್ಸುದಾರರಿಗೆ 70 ವರ್ಷ ತುಂಬಿದಾಗ, ಇಲ್ಲವೇ ಬಂದೂಕು ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ತಮ್ಮ ವಾರಸುದಾರರಲ್ಲಿ ಒಬ್ಬರನ್ನು ಹೆಸರಿಸಿ ಅವರಿಗೆ ಲೈಸೆನ್ಸ್ ಕೊಡಿಸಬಹುದು. ಅಪ್ಪನಿಗೆ 69, ಆದರೆ 25 ವರ್ಷದ ಲೆಕ್ಕ ಎಂದೋ ದಾಟಿದೆ. ಆದ್ರೆ ನಾನಿರೋದು ಬೆಂಗಳೂರಿನಲ್ಲಿ, ಬಾಡಿಗೆ ಫ್ಲಾಟಿನ ನಾಲ್ಕನೇ ಮಹಡಿಯಲ್ಲಿ. ಅಲ್ಲಿ ನಾನು ಯಾವ ಬೆಳೆ ರಕ್ಷಣೆ ಮಾಡಲಿ? ಬಾಲ್ಕನಿಯ ಕೊತ್ತಂಬರಿ ಸೊಪ್ಪಿನ ಕುಂಡಕ್ಕೆ ಪಾರಿವಾಳ ಬರುತ್ತೆ, ನಿಜ.

ನಿಯಮದಲ್ಲಿ 'ವಾರಸುದಾರರು' ಅಂತಿದೆ, 'ಮಗ' ಅಂತಿಲ್ಲ. ನನ್ನ ತಂಗಿ ಮದುವೆಯಾಗಿ ಕೊಳ್ಳೇಗಾಲದಲ್ಲೇ ಇದ್ದಾಳೆ. ದಿನಾ ಬೆಳಿಗ್ಗೆ ಆರಕ್ಕೆ ಸ್ಕೂಟಿಯಲ್ಲಿ ಬಂದು ಹುಳದ ಮನೆ ನೋಡೋಳು ಅವಳು. ಸೊಪ್ಪು ಯಾವಾಗ ಹಾಕಬೇಕು, ಹಣ್ಣಾದ ಹುಳವನ್ನು ಚಂದ್ರಿಕೆಗೆ ಯಾವಾಗ ಬಿಡಬೇಕು, ಗೂಡನ್ನು ಕೊಳ್ಳೇಗಾಲಕ್ಕೆ ಹಾಕಬೇಕೋ ರಾಮನಗರಕ್ಕೆ ಒಯ್ಯಬೇಕೋ ಎಲ್ಲ ಅವಳದೇ ತೀರ್ಮಾನ. ಹೊಲವನ್ನೂ ಈಗ ನಿಜವಾಗಿ ನೋಡ್ಕೊಳ್ತಿರೋಳು ಅವಳೇ. ಎನ್‌ಸಿಸಿಯಲ್ಲಿ 'ಸಿ' ಸರ್ಟಿಫಿಕೇಟ್ ಬೇರೆ. ಐದು ಗುಂಡಿನ ಅವಳ ಹಾಳೆ ನಮ್ಮನೆ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದೆ. ಐದೂ ತೂತಿನ ಮೇಲೆ ಒಂದು ಹತ್ತು ರೂಪಾಯಿ ನಾಣ್ಯ ಇಟ್ಟು ಮುಚ್ಚಬಹುದು.

ಬೆಳಿಗ್ಗೆ ಕಾಫಿ ಹೊತ್ತಲ್ಲಿ ಅದನ್ನೇ ಹೇಳಿದೆ. ಅವ್ವ, "ಹೆಣ್ಮಗ್ಳ ಕೈಗ ಕೋವಿ ಕೊಡ್ತೀಯಾ?" ಅಂತ ನನಗೇ ಬೈದಳು. ತಂಗಿ ಏನೂ ಅನ್ನದೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಮಧ್ಯಾಹ್ನ ಕೋವಿಯನ್ನು ಜಗುಲಿಗೆ ತಂದು, ಮೂರು ತುಂಡಾಗಿ ಬಿಚ್ಚಿ, ಹೊಲಿಗೆ ಮಿಷನ್ ಎಣ್ಣೆಯಲ್ಲಿ ಒರೆಸಿ, ಗೋಣಿಯ ಮೇಲೆ ಸಾಲಾಗಿ ಇಟ್ಟರು. ಆಮೇಲೆ ಹುಳದ ಮನೆ ಕಡೆ ತಿರುಗಿ ಕೂಗಿದರು.

"ಮಗ, ಬಾ ಇಲ್ಲಿ. ಇದ ಜೋಡ್ಸು ನೋಡವು."

ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. ನಳಿಗೆಯನ್ನು ಎತ್ತಿ ಮೊದಲು ಬೆಳಕಿಗೆ ಹಿಡಿದು ಒಳಗೆ ನೋಡಿದಳು, ಖಾಲಿ ಇದೆಯಾ ಅಂತ. ಅಪ್ಪ ಬಿಚ್ಚಿದ್ದನ್ನು ಅವಳೇ ಎದುರಿಗೆ ನೋಡಿದ್ದರೂ ನೋಡಿದಳು. ಅಪ್ಪ ನನ್ನ ಕಡೆ ತಿರುಗಿದರು, ಏನೂ ಹೇಳಲಿಲ್ಲ. ಬುಡ ಕೂರಿಸಿ, ನಡು ನೇರ ಮಾಡಿ, ಮರದ ಹಿಡಿಯನ್ನು ಅಂಗೈಯಲ್ಲಿ ಒತ್ತಿದಳು. 'ಟಕ್'. ರೂಗರಿಗಿಂತ ಒಂದೆರಡು ಸೆಕೆಂಡ್ ಜಾಸ್ತಿ ಹಿಡಿದಿರಬಹುದು.

ಇನ್ನು ಕಾಗದದ ಕೆಲಸ. ಅರ್ಜಿ ಚಾಮರಾಜನಗರದಲ್ಲಿ ಡಿಸಿ ಕಚೇರಿಗೆ. ಪೊಲೀಸ್ ವರದಿ, ಸುರಕ್ಷತಾ ತರಬೇತಿ ಪಡೆದ ಸರ್ಟಿಫಿಕೇಟ್, ಕೋವಿಯನ್ನು ಭದ್ರವಾಗಿ ಇಡ್ತೀನಿ ಅನ್ನೋ ಮುಚ್ಚಳಿಕೆ. ಮಿಕ್ಕ ವಾರಸುದಾರರು ತಕರಾರಿಲ್ಲ ಅಂತ ಬರೆದುಕೊಡಬೇಕು, ಅಂದರೆ ನಾನು. ಲೈಸೆನ್ಸ್ ಸಿಕ್ಕರೆ ಐದು ವರ್ಷಕ್ಕೊಮ್ಮೆ ನವೀಕರಣ. 2019ರ ತಿದ್ದುಪಡಿಗೆ ಮುಂಚೆ ಮೂರು ವರ್ಷ ಇತ್ತು. ಎಷ್ಟು ತಿಂಗಳು ಹಿಡಿಯುತ್ತೋ. ಅಲ್ಲಿವರೆಗೆ ಕೋವಿ ಅಪ್ಪನ ಹೆಸರಲ್ಲೇ, ಅಟ್ಟಣೆಗೂ ಅಪ್ಪನೇ.

ಹಬ್ಬದ ಮರುದಿನ ಸೋಮವಾರ ಒಂದು ದಿನ ರಜೆ ಹಾಕಿ, ತಂಗಿಯ ಜೊತೆ ಕೊಳ್ಳೇಗಾಲದ ನೋಟರಿ ಹತ್ತಿರ ಹೋದೆ. ವಯಸ್ಸಾದವರು. ಟೈಪ್ ಮಾಡಿದ ಹಾಳೆಯನ್ನು ಎರಡು ಸಲ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಗಂಡ್ಮಗ ನೀವಿದ್ದೂ ತಂಗಿ ಹೆಸ್ರಿಗಾ? ಯೋಚ್ನೆ ಮಾಡಿದ್ದೀರಾ ಸಾರ್?"

ನಾನು ಬಾಯಿ ತೆರೆಯೋ ಮುಂಚೆ ಅವಳೇ ಅಂದಳು: "ಅವ್ರದ್ದು ಅಂಗೈ ಅಗಲ ಸಾರ್, ನಂದು ಹತ್ರುಪಾಯಿ ಕಾಯಿನ್ನು."

ಅವರಿಗೆ ಏನೂ ಅರ್ಥವಾಗಲಿಲ್ಲ. ಸೀಲ್ ಒತ್ತಿದರು.